ಮೀಟಿಂಗ್ ಮೇಜಿಗೆ ಬಂದ ನಲ್ಲಿ ನೀರು

ಆ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಕಸ ಗುಡಿಸಿ ನೆಲ ಒರೆಸುವ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಪ್ರತಿ ಮೀಟಿಂಗ್ ಮುಗಿದ ಮೇಲೆ, ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳನ್ನು ಮೂಟೆ ಕಟ್ಟಿ ಮೂರು ಮಹಡಿ ಇಳಿಸುವುದು ಅವಳ ಪಾಲಿನ ಕೆಲಸ. ಒಂದು ದಿನ ಅವಳಿಗೆ ರೇಗಿಹೋಯಿತು. ಬಾಟಲಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಮ್ಯಾನೇಜರನ್ನು ಕರೆದಳು.

“ನೋಡಿ ಸರ್, ಇಷ್ಟು ಪ್ಲಾಸ್ಟಿಕ್ಕು ಒಂದೇ ದಿನದ್ದು. ನಲ್ಲಿ ನೀರೇ ಇಡೋಣ.”

“ಕುಡಿದು ಯಾರಿಗಾದ್ರೂ ಹೊಟ್ಟೆ ಕೆಟ್ರೆ?”

ಅವಳು ಕಾವಲುಗಾರನನ್ನು ಹಿಡಿದು ಟ್ಯಾಂಕ್ ತೊಳೆಸಿದಳು. ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದ ತಂಗಿಯ ಕೈಗೆ ನಲ್ಲಿ ನೀರನ್ನೂ ಸೀಲ್ ಒಡೆಯದ ಒಂದು ಬಾಟಲಿಯನ್ನೂ ಕೊಟ್ಟಳು. ವಾರದ ಮೇಲೆ ವರದಿ ಬಂತು: ನಲ್ಲಿ ನೀರು ಪಾಸ್, ಬಾಟಲಿ ನೀರಿನಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಚೂರು.

“ಅಕ್ಕಾ, ಇಷ್ಟು ದಿನ ನಾನು ಪ್ಲಾಸ್ಟಿಕ್ ಕುಡೀತಿದ್ನಾ?” ಮ್ಯಾನೇಜರ್ ಹೌಹಾರಿದರು.

“ಹೋಗ್ಲಿ ಬಿಡಿ ಸರ್, ಇನ್ಮೇಲೆ ಬರೀ ನೀರು ಕುಡೀರಿ.”

ಮುಂದಿನ ಮೀಟಿಂಗಿಗೆ ಗಾಜಿನ ಹೂಜಿಗಳಲ್ಲಿ ನಲ್ಲಿ ನೀರು ಬಂತು. ಹೊರಗಿನಿಂದ ಬಂದಿದ್ದ ಅತಿಥಿಯೊಬ್ಬರು ಮೂರು ಲೋಟ ಖಾಲಿ ಮಾಡಿ, “ನೀರು ಬಹಳ ಚೆನ್ನಾಗಿದೆ, ಯಾವ ಕಂಪನಿದು?” ಎಂದು ಕೇಳಿದರು.

ಮ್ಯಾನೇಜರ್ ಎದೆಯುಬ್ಬಿಸಿ, “ನಮ್ಮ ಅಕ್ಕಂದು” ಎಂದರು.