ನೂರಾ ಮೂವತ್ತೇಳನೆಯ ಪುಟದಲ್ಲಿ ತೀರಿಕೊಂಡ ಮಾವ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹನ್ನೊಂದು ವರ್ಷ ಹಾಜರಿ ಬರೆದ ಓಂಕಾರಪ್ಪ ಎಂಥವನು ಎಂದು ಓಲ್ಡ್ ಟೌನಿನಲ್ಲಿ ಯಾರನ್ನು ಕೇಳಿದ್ದರೂ, "ಪಾಪ, ಸಾಧು ಮನುಷ್ಯ" ಎಂದಷ್ಟೇ ಹೇಳುತ್ತಿದ್ದರು. ಈ ಸಾಧು ಮನುಷ್ಯ ಒಂದು ಸೈರನ್ನಿಗೂ ಇನ್ನೊಂದು ಸೈರನ್ನಿಗೂ ನಡುವೆ, ಹಳೆಯ ಹಾಜರಿ ಹಾಳೆಗಳ ಬೆನ್ನ ಮೇಲೆ, ಜನರನ್ನು ಹುಟ್ಟಿಸುತ್ತಿದ್ದ, ಅವರಿಗೆ ಮದುವೆ ಮಾಡಿಸುತ್ತಿದ್ದ, ಬೇಕೆನಿಸಿದರೆ ಸಾಯಿಸುತ್ತಲೂ ಇದ್ದ. ಇದು ಗೊತ್ತಿದ್ದದ್ದು ಅವನ ಹೆಂಡತಿ ವಿಮಲಾಗೆ ಮಾತ್ರ. ಅವನ ಕೋಳಿಕಾಲಿನ ಅಕ್ಷರವನ್ನು ದುಂಡಗೆ ತಿದ್ದಿ ಬರೆದುಕೊಡುತ್ತಿದ್ದವಳು ಅವಳೇ.

ಇಷ್ಟೊಂದು ಗುಟ್ಟಿಗೆ ಶಿವಮೊಗ್ಗದಲ್ಲಿದ್ದ ಸೋದರಮಾವ ಮುರುಗೇಶಪ್ಪನವರೇ ಕಾರಣ. ಆರು ವರ್ಷಕ್ಕೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಓಂಕಾರಪ್ಪನನ್ನು ಸಾಕಿ, ಓದಿಸಿ, ಕಾರ್ಖಾನೆಗೆ ಸೇರಿಸಿದವರು ಅವರು. ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟುಕೊಂಡಿದ್ದರೂ ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ ಎಂದು ಹೆಸರಾಗಿದ್ದರು. "ಆ ಕೊಡಪಾನ ತಗೋಬೇಡಮ್ಮ, ತಳದಲ್ಲಿ ಬೆಸುಗೆ ಬಿಟ್ಟಿದೆ" ಎಂದು ತಾವೇ ಹೇಳಿ, ಕೊಳ್ಳಲು ಬಂದವರನ್ನು ಎದುರಂಗಡಿಗೆ ಕಳಿಸುತ್ತಿದ್ದರು. ಅವರ ಹೆಂಡತಿ ದಾಕ್ಷಾಯಣಮ್ಮ ಈ ಸತ್ಯಸಂಧತೆಯ ಜೊತೆ ಮೂವತ್ತು ವರ್ಷ ಏಗಿ ಹಣ್ಣಾಗಿದ್ದರು.

ಹತ್ತೊಂಬತ್ತರ ವಯಸ್ಸಿನಲ್ಲಿ ಓಂಕಾರಪ್ಪ ತಾನು ಬರೆದ ಮೊದಲ ಕತೆಯನ್ನು ಈ ಮಾವನ ಮುಂದೆ ಹಿಡಿದಿದ್ದ. ಎಳೆಯ ವಯಸ್ಸು, ಬುದ್ಧಿ ಸಾಲದು. ಮಾವ ಪೂರ್ತಿ ಓದಿ, "ಇದು ಎಲ್ಲಿ ನಡೀತು?" ಎಂದು ಕೇಳಿದರು.

"ಎಲ್ಲೂ ನಡೀಲಿಲ್ಲ ಮಾವ, ನಾನೇ ಕಟ್ಟಿದ್ದು."

"ನಡೀದೇ ಇರೋದನ್ನ ನಡೀತು ಅಂತ ಬರೆದ್ರೆ ಅದಕ್ಕೆ ಏನಂತಾರೋ?"

ಮಾವ ಗದರಲಿಲ್ಲ; ಹಾಳೆಗಳನ್ನು ನೀಟಾಗಿ ಜೋಡಿಸಿ ಒಲೆಯ ಕಡೆ ಕೈ ತೋರಿಸಿದರು. ತನ್ನ ಕೈಯಾರೆ ತನ್ನ ಕತೆಯನ್ನು ಒಲೆಗೆ ಹಾಕಿದ ಆ ಸಂಜೆಯನ್ನು ಓಂಕಾರಪ್ಪ ಮರೆಯಲಿಲ್ಲ. ಬರೆಯುವುದನ್ನೂ ಬಿಡಲಿಲ್ಲ. ಮಾವನಿಗೆ ತಿಳಿಸುವುದನ್ನು ಮಾತ್ರ ಬಿಟ್ಟ.

ಹತ್ತು ವರ್ಷ ಉರುಳಿದವು. ಅನಾಥ ಹುಡುಗನೊಬ್ಬನ ಕತೆ ಕಾದಂಬರಿಯಾಗಿ ಬೆಳೆಯಿತು. ಅದರಲ್ಲಿ ಹುಡುಗನನ್ನು ಸಾಕುವ ಸಿದ್ಧವೀರಪ್ಪ ಎಂಬೊಬ್ಬ ಮಾವನಿದ್ದ. ಹೆಸರೊಂದನ್ನು ಬಿಟ್ಟರೆ ಎಲ್ಲ ಮುರುಗೇಶಪ್ಪನವರದೇ: ಹಿಡಿಗೆ ಕೆಂಪು ದಾರ ಸುತ್ತಿದ ಕೊಡೆ, ನಶ್ಯದ ಡಬ್ಬಿ, ಮಾತಿಗೊಮ್ಮೆ "ಇದ್ದದ್ದು ಇದ್ದ ಹಾಗೆ". ತೊಂದರೆ ಏನಾಯಿತೆಂದರೆ, ಈ ಮಾವ ಇರುವತನಕ ಕಥಾನಾಯಕ ಶಂಕರ ಒಂದು ಹೆಜ್ಜೆ ಮುಂದಿಡಲೊಲ್ಲ. ಎಲ್ಲದಕ್ಕೂ ಮಾವನ ಮುಖ ನೋಡಿಕೊಂಡು ನಿಲ್ಲುತ್ತಾನೆ. ಎರಡು ವರ್ಷ ಕತೆ ನಿಂತಲ್ಲೇ ನಿಂತಿತು. ಕೊನೆಗೊಂದು ಮಧ್ಯಾಹ್ನ ಓಂಕಾರಪ್ಪ ಮನಸ್ಸು ಕಲ್ಲು ಮಾಡಿಕೊಂಡು ಮಾವನನ್ನು ಮೂರು ದಿನದ ಜ್ವರದಲ್ಲಿ ತೀರಿಸಿಬಿಟ್ಟ. ಕತೆ ಸರಾಗವಾಗಿ ಓಡಿತು.

"ಮಾವನ್ನ ಯಾಕ್ರೀ ಸಾಯಿಸಿದ್ರಿ?" ಎಂದು ವಿಮಲಾ ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟಳು.

"ಬೇರೆ ದಾರಿ ಇರ್ಲಿಲ್ಲ ಮಾರಾಯ್ತಿ."

ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ಪುಸ್ತಕ ಅಚ್ಚಿಗೆ ಹೋಯಿತು. ಶಿವಮೊಗ್ಗದ ಮುದ್ರಣಾಲಯದ ಪುಟ್ಟಯ್ಯ ಒಳ್ಳೆಯ ಮನುಷ್ಯ; ಬರೆದವರು ಯಾರೆಂದು ಮಾವನಿಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದ. ಆದರೆ ಅವನ ಬಳಿ ಇದ್ದ ಅಚ್ಚಿನ ಮೊಳೆಗಳು ಹದಿನಾರು ಪುಟಕ್ಕೆ ಸಾಕಾಗುವಷ್ಟು ಮಾತ್ರ. ಹದಿನಾರು ಪುಟ ಜೋಡಿಸುವುದು, ಅಷ್ಟನ್ನೂ ಒಂದು ಫಾರಂ ಎಂದು ಅಚ್ಚು ಹಾಕುವುದು, ಮೊಳೆಗಳನ್ನೆಲ್ಲ ಕಿತ್ತು ಪೆಟ್ಟಿಗೆಯ ಆಯಾ ಅಕ್ಷರದ ಮನೆಗೆ ತುಂಬುವುದು, ಅವುಗಳಿಂದಲೇ ಮುಂದಿನ ಹದಿನಾರು ಪುಟ ಕಟ್ಟುವುದು. ಹೀಗೆ ಅಚ್ಚಾದದ್ದು ಅಚ್ಚಾಯಿತು. ಆಮೇಲೆ ಲೇಖಕ ತಲೆಕೆಳಗಾಗಿ ನಿಂತರೂ ಹಿಂದಿನದನ್ನು ತಿದ್ದುವಂತಿಲ್ಲ. ಒಂಬತ್ತನೆಯ ಫಾರಂ ಮುಗಿಯುವ ಹೊತ್ತಿಗೆ ನೂರಾ ಮೂವತ್ತೇಳನೆಯ ಪುಟದಲ್ಲಿ ಮಾವ ಐನೂರು ಪ್ರತಿಗಳಲ್ಲಿ ತೀರಿಕೊಂಡಾಗಿತ್ತು.

ಆ ವಾರ ಪುಟ್ಟಯ್ಯನಿಂದ ಒಂದು ಕಾರ್ಡು ಬಂತು. "ತಮ್ಮ ಸೋದರಮಾವನವರು ಅಂಗಡಿಯ ಜಾಹೀರಾತು ಚೀಟಿ ಮಾಡಿಸಲು ಬಂದಿದ್ದರು. ಒಣಗಲು ಹಾಕಿದ್ದ ಒಂಬತ್ತನೆಯ ಫಾರಮನ್ನು ಅಕ್ಷರ ಹೇಗಿದೆಯೆಂದು ನೋಡಲು ಹೋಗಿ ಪೂರಾ ಓದಿದರು. ಮಧ್ಯೆ ಒಂದು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಬರೆದವರು ಯಾರೆಂದು ಕೇಳಿದರು. ಅವರ ಮುಂದೆ ಸುಳ್ಳಾಡಲು ನನ್ನ ನಾಲಿಗೆ ಏಳಲಿಲ್ಲ, ಕ್ಷಮಿಸಬೇಕು. ಒಂದು ಪ್ರತಿ ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಭಾನುವಾರ ತಾವು ಮನೆಗೆ ಬರಬೇಕಂತೆ. ತಮ್ಮಿಂದ ತಿಳಿಯುವ ತನಕ ಹತ್ತನೆಯ ಫಾರಂ ನಿಲ್ಲಿಸಿದ್ದೇನೆ."

ಓಂಕಾರಪ್ಪ ಕಾರ್ಡನ್ನು ಎರಡು ಸಲ ಓದಿದ. ಬದುಕಿರುವ ಹಿರಿಯರನ್ನು, ಅದರಲ್ಲೂ ಅನ್ನ ಹಾಕಿದವರನ್ನು, ಹೆಣ ಮಾಡಿ ಐನೂರು ಪ್ರತಿ ಹೊರಡಿಸಿದ ಕೃತಘ್ನ ತಾನು! ಪುಸ್ತಕ ಹೋದರೆ ಹೋಗಲಿ, ಮಾವನ ಮನೆಯ ಬಾಗಿಲು ಮುಚ್ಚಿದರೆ ತನಗೆ ತನ್ನವರೆಂಬುವರೇ ಇಲ್ಲ. ಭಾನುವಾರ ಬೆಳಗಿನ ರೈಲಿನಲ್ಲಿ ಭದ್ರಾವತಿಯಿಂದ ಶಿವಮೊಗ್ಗದವರೆಗೂ ಅವನು ಕ್ಷಮೆಯ ಮಾತುಗಳನ್ನು ಕಟ್ಟಿದ. ಪ್ಲಾಟ್‌ಫಾರಮ್ಮಿಗೆ ಇಳಿದಾಗ ಒಂದೂ ನೆನಪಿರಲಿಲ್ಲ.

ಮುರುಗೇಶಪ್ಪ ಜಗಲಿಯ ಮೇಲೆ ಕೂತು ತಂಬಿಗೆಯೊಂದನ್ನು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದರು. ಪಕ್ಕದಲ್ಲಿ ಮಡಿಸಿದ ಹಾಳೆ, ಅದರ ಮೇಲೆ ನಶ್ಯದ ಡಬ್ಬಿ.

"ಕೂತ್ಕೋ. ಈ ಸಿದ್ಧವೀರಪ್ಪ ಅನ್ನೋನು ಯಾರು?"

"ಕತೆಯವನು ಮಾವ."

"ಅವನ ಕೊಡೆಗೆ ಕೆಂಪು ದಾರ ಯಾಕಿದೆ?"

ಮೂಲೆಯಲ್ಲಿ ಮುರುಗೇಶಪ್ಪನವರ ಕೊಡೆ ತನ್ನ ಕೆಂಪು ದಾರ ಸಮೇತ ಒರಗಿತ್ತು. ಓಂಕಾರಪ್ಪ ಎರಡು ಕೈಯಲ್ಲೂ ಅವರ ಕಾಲು ಹಿಡಿದ. "ತಪ್ಪಾಯ್ತು ಮಾವ. ಎಲ್ಲಾ ಹಾಳೇನೂ ತಂದು ನಿಮ್ಮೆದುರಿಗೇ ಸುಟ್ಟುಬಿಡ್ತೀನಿ."

"ಕಾಲು ಬಿಡೋ, ಹುಣಸೆಹಣ್ಣು ಮೆತ್ತುತ್ತೆ. ತಪ್ಪು ಇದೆ, ಇಲ್ಲ ಅನ್ನಲ್ಲ. ನಾನು ಸತ್ರೆ ಮಣ್ಣಿಗೆ ಬರೋದು ಬರೀ ನಲವತ್ತು ಜನ ಅಂತ ಬರೆದಿದೀಯಲ್ಲ? ಈ ಪೇಟೇಲಿ ನನ್ನ ಹತ್ರ ಬಿಂದಿಗೆ ತಗೊಂಡೋರದ್ದೇ ನಾನೂರು ಮನೆ ಇದಾವೆ."

ಓಂಕಾರಪ್ಪ ತಲೆಯೆತ್ತಿ ನೋಡಿದ. ಮಾವ ಬೈಯುತ್ತಿದ್ದಾರೋ ತಮಾಷೆ ಮಾಡುತ್ತಿದ್ದಾರೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ದಾಕ್ಷಾಯಣಮ್ಮ ಒಳಗಿನಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿಬಂದರು.

"ಬಂದ್ಯಾ ನಮ್ಮಪ್ಪ! ನಿನ್ನ ಬಾಯಿಗೆ ಸಕ್ಕರೆ ಹಾಕ. ಸುಳ್ಳು ಹೇಳೋನೊಬ್ಬ ನಮ್ಮ ಮನೇಲಿ ಹುಟ್ಟಿದ್ದೇ ಪುಣ್ಯ!"

ವಿಷಯ ಇಷ್ಟು. ಹತ್ತು ದಿನದ ಹಿಂದೆ ಮುರುಗೇಶಪ್ಪ ತುಂಗೆಯಲ್ಲಿ ಮಿಂದು ಬರುವಾಗ ಕಾಗೆಯೊಂದು ಅವರ ತಲೆಗೆ ಬಡಿದು ಹೋಗಿತ್ತು. ಕಾಗೆ ತಲೆ ಮುಟ್ಟಿದರೆ ಪ್ರಾಣಕ್ಕೆ ಕುತ್ತು. ಅದಕ್ಕೆ ಪರಿಹಾರವೂ ಉಂಟು: ಪರ ಊರಿನ ನೆಂಟರಿಗೆ 'ಇಂಥವರು ತೀರಿಕೊಂಡರು' ಎಂದು ಸುಳ್ಳು ಕಾಗದ ಹಾಕಬೇಕು, ಅವರು ಅಳಬೇಕು. ಆ ಕಣ್ಣೀರಿನೊಂದಿಗೆ ಕುತ್ತೂ ಹರಿದುಹೋಗುತ್ತದೆ. ಮಾರನೆಯ ದಿನ 'ಎಲ್ಲರೂ ಕ್ಷೇಮ' ಎಂದು ಇನ್ನೊಂದು ಕಾಗದ. ಊರೆಲ್ಲ ಮಾಡುವುದೇ. ಆದರೆ ಜನ್ಮದಲ್ಲಿ ಸುಳ್ಳು ಹೇಳದವರು ಕಾಗೆಗೋಸ್ಕರ ಹೇಳುತ್ತಾರೆಯೇ? "ಬರೆಯೋದಿಲ್ಲ, ಬರೆಸೋದೂ ಇಲ್ಲ" ಎಂದು ಮುರುಗೇಶಪ್ಪ ಪಟ್ಟು ಹಿಡಿದರು. ಗಂಡ ಕೆಮ್ಮಿದರೆ ಎದೆ ಧಸಕ್ಕೆನ್ನುವಂತಾಗಿ ದಾಕ್ಷಾಯಣಮ್ಮ ಊಟ ಬಿಟ್ಟಿದ್ದರು.

"ಸುಳ್ಳು ಹೇಳಿದೋನು ನೀನು," ಎಂದರು ಮುರುಗೇಶಪ್ಪ, ನ್ಯಾಯ ಹೇಳುವವರ ಗತ್ತಿನಲ್ಲಿ. "ನಾನು ಹೇಳು ಅಂದಿಲ್ಲ. ಕಾಗೆ ಮುಟ್ಟೋಕೆ ಮುಂಚೇನೇ ನೀನು ಬರೆದಾಗಿದೆ. ನನ್ನ ಮೇಲೆ ಪಾಪ ಇಲ್ಲ. ಈಗ ಇದನ್ನ ತಗೊಂಡು ಹೊಳೆಹೊನ್ನೂರಿಗೆ ಹೋಗು. ನಮ್ಮ ದ್ಯಾಮಮ್ಮನಿಗೆ ಓದಿಹೇಳು. ಆದ್ರೆ ಮೊದ್ಲು 'ಮಾವ ಗಟ್ಟಿಮುಟ್ಟಾಗಿದಾರೆ, ಇದು ಕಟ್ಟುಕತೆ' ಅಂತ ಹೇಳೇ ಓದ್ಬೇಕು. ಇದ್ದದ್ದು ಇದ್ದ ಹಾಗೆ."

"ಹಾಗೆ ಹೇಳಿದ್ರೆ ಅಳ್ತಾರಾ ಮಾವ?"

"ಅತ್ರೆ ನಿನ್ನ ಪುಸ್ತಕ ಕೊನೇತನಕ ಅಚ್ಚಾಗ್ಲಿ. ಅಳ್ದಿದ್ರೆ, ಸುಳ್ಳು ಹೇಳಿ ಸುಳ್ಳು ಅಂತಾನೂ ಒಪ್ಕೊಂಡು ಯಾರಿಗೇನು ಪ್ರಯೋಜನ? ಒಲೆ ಎಲ್ಲಿದೆ ಅಂತ ನಿಂಗೆ ಗೊತ್ತು."

ದಾಕ್ಷಾಯಣಮ್ಮ ಹಣೆ ಚಚ್ಚಿಕೊಂಡರು. ಓಂಕಾರಪ್ಪನಿಗೂ ಹಾಗೇ ಮಾಡಬೇಕೆನಿಸಿತು. ಮಾವನ ತಂಗಿ, ಅವನಿಗೆ ದೊಡ್ಡಮ್ಮನಾದ ದ್ಯಾಮಮ್ಮ ಎಂಥ ಹೆಂಗಸೆಂದು ಅವನಿಗೆ ತಿಳಿಯದೆ? ಗಂಡ ಸತ್ತ ದಿನವೂ ಅಳದೆ, ಮಣ್ಣು ಮುಗಿಸಿ ಬಂದು ಎತ್ತುಗಳಿಗೆ ಹುಲ್ಲು ಹಾಕಿದವಳು. ಭತ್ತದ ಗದ್ದೆಯ ಕೆಲಸವನ್ನು ಒಬ್ಬಳೇ ನಿಂತು ಮಾಡಿಸುವವಳು. ಅವಳ ಕಣ್ಣಲ್ಲಿ ನೀರು ಕಂಡವರು ಊರಲ್ಲೇ ಇರಲಿಲ್ಲ.

ಬಸ್ಸಿಳಿದು ಮನೆ ಸೇರಿದಾಗ ದ್ಯಾಮಮ್ಮ ಮೊರದಲ್ಲಿ ಹುರುಳಿಯ ಕಲ್ಲು ಆರಿಸುತ್ತಿದ್ದಳು. ಓಂಕಾರಪ್ಪ ಕಾಗೆಯ ವಿಷಯ ಹೇಳಿದ. ಮಾವ ಗಟ್ಟಿಮುಟ್ಟಾಗಿದ್ದಾರೆ ಎಂದೂ ಹೇಳಿದ. ಇದು ತಾನೇ ಕಟ್ಟಿದ ಕತೆ, ಒಂದಕ್ಷರವೂ ನಿಜವಲ್ಲ ಎಂದೂ ಸೇರಿಸಿದ.

"ಸರಿ ಮತ್ತೆ, ಓದು. ಅಳಬೇಕಾ? ನಂಗೆ ಬರಲ್ಲಪ್ಪ, ಈರುಳ್ಳಿಯಾದ್ರೂ ಹೆಚ್ತೀನಿ ಬೇಕಾದ್ರೆ."

"ಬೇಡ ದೊಡ್ಡಮ್ಮ. ಸುಮ್ನೆ ಕೇಳಿ."

ಅವನು ಓದತೊಡಗಿದ. ಜ್ವರ ಬಂತು. "ಕಷಾಯ ಕೊಡ್ಲಿಲ್ವಾ?" ಎಂದು ಅವಳು ಕೇಳಿದಳು. ಪಂಡಿತರು ಬಂದರು. "ಆ ಪಂಡಿತನಿಗೆ ಏನ್ ಗೊತ್ತು, ಮಣ್ಣು!" ಎಂದಳು. ಮಾವ ಕಣ್ಣು ಮುಚ್ಚಿದ. ದ್ಯಾಮಮ್ಮ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು, ಅಷ್ಟೇ. ಓಂಕಾರಪ್ಪ ಬಹಳ ಚೆನ್ನಾಗಿವೆಯೆಂದು ಬೀಗಿದ್ದ ಸಾಲುಗಳೆಲ್ಲ ಹುರುಳಿಯ ಸಪ್ಪಳದಲ್ಲಿ ಕಳೆದುಹೋದವು. ಇನ್ನು ಒಂದೂವರೆ ಪುಟ ಉಳಿದಿತ್ತು. ಅಲ್ಲಿದ್ದದ್ದು ಅಲಂಕಾರವಿಲ್ಲದ ಸಣ್ಣ ಸಂಗತಿ, ವಿಮಲಾ ಹೇಳಿದಳೆಂದು ಉಳಿಸಿಕೊಂಡದ್ದು.

"ಮಾವ ತೀರಿಕೊಂಡ ಮೂರನೆಯ ದಿನ ಬೆಳಗಿನ ಜಾವ ಶಂಕರನಿಗೆ ಚಳಿಯಿಂದ ಎಚ್ಚರವಾಯಿತು. ಆ ಮನೆಗೆ ಬಂದ ಮೇಲೆ ಆ ಹೊತ್ತಿನಲ್ಲಿ ಅವನಿಗೆ ಎಂದೂ ಚಳಿಯಾಗಿರಲಿಲ್ಲ. ಮಾವ ದಿನಾ ಎದ್ದು ತಮ್ಮ ಶಾಲನ್ನು ಅವನಿಗೆ ಹೊದಿಸಿ, ಬೆಳಗಾದ ಮೇಲೆ 'ನನ್ನ ಶಾಲು ಎಳ್ಕೊಂಡೋನು ಯಾರೋ' ಎಂದು ತಾವೇ ಗದರುತ್ತಿದ್ದರು. ಶಂಕರ ಇವತ್ತೂ ಗದರಿಕೆಗಾಗಿ ಕಾದು ಮಲಗಿದ. ಬೆಳಗಾಯಿತು. ಯಾರೂ ಗದರಲಿಲ್ಲ."

ಹುರುಳಿಯ ಸಪ್ಪಳ ನಿಂತಿತ್ತು. ಓಂಕಾರಪ್ಪ ಹಾಳೆಯಿಂದ ಕಣ್ಣೆತ್ತಿದ. ದ್ಯಾಮಮ್ಮ ಮೊರವನ್ನು ಮಡಿಲಲ್ಲೇ ಇಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿದ್ದಳು. ಅವಳ ಭುಜ ಅಲುಗುತ್ತಿತ್ತು.

"ನಮ್ಮಪ್ಪ ಸತ್ತ ವರ್ಷ ಅಣ್ಣ ನಂಗೂ ಹಿಂಗೇ ಹೊದಿಸ್ತಿದ್ದ ಕಣೋ," ಎಂದಳು. "ಆಗ ಶಾಲು ಎಲ್ಲಿತ್ತು, ಪಂಚೆ. ಬೆಳಿಗ್ಗೆ ಎದ್ದು 'ನನ್ನ ಪಂಚೆ ಕದ್ದೋಳು ಯಾರು' ಅಂತ ಕೂಗೋನು. ಅದನ್ನ ನಾನು ಮರ್ತೇಬಿಟ್ಟಿದ್ದೆ." ಆಮೇಲೆ ಅವಳು ಜೋರಾಗಿಯೇ ಅತ್ತಳು. ಅಣ್ಣನಿಗಾಗಿ ಅತ್ತಳು, ಅಂದು ಅಳದೆ ಬಿಟ್ಟ ಗಂಡನಿಗಾಗಿಯೂ ಅತ್ತಳೆಂದು ಓಂಕಾರಪ್ಪನಿಗೆ ಅನ್ನಿಸಿತು. ಅವನಿಗೂ ತಡೆಯಲಾಗಲಿಲ್ಲ. ಇಬ್ಬರೂ ಹುರುಳಿಯ ಮೊರವನ್ನು ನಡುವೆ ಇಟ್ಟುಕೊಂಡು ಕಣ್ಣು ತುಂಬಾ ಅತ್ತರು. ಕೊನೆಗೆ ಅವಳು ಮೂಗು ಒರೆಸಿಕೊಂಡು, "ಸುಳ್ಳು ಅಂತ ಮೊದ್ಲೇ ಹೇಳಿಯೂ ಅಳಿಸಿಬಿಟ್ಟೆಯಲ್ಲೋ ಮಾರಾಯ!" ಎಂದು ಬೈದಳು. ಹತ್ತು ವರ್ಷ ಕಾರ್ಖಾನೆಯ ಹೊಗೆಯಲ್ಲಿ ಕೂತು ಬರೆದವನಿಗೆ ಆ ಬೈಗುಳದಿಂದ ಹೋದ ಜೀವ ಬಂದಂತಾಯಿತು.

ಸಂಜೆ ಅವನು ಶಿವಮೊಗ್ಗಕ್ಕೆ ಮರಳಿದಾಗ ಇಬ್ಬರೂ ಜಗಲಿಯ ಮೇಲೇ ಕಾಯುತ್ತಿದ್ದರು. "ಅತ್ರು," ಎಂದ, ಮೆಟ್ಟಿಲು ಹತ್ತುವ ಮೊದಲೇ. ದಾಕ್ಷಾಯಣಮ್ಮ "ಶಿವನೇ" ಎಂದು ಕೈಮುಗಿದು, ಹತ್ತು ದಿನದ ಹಸಿವನ್ನೆಲ್ಲ ಒಟ್ಟಿಗೇ ನೆನೆದವರಂತೆ ಅಡುಗೆಮನೆಗೆ ಓಡಿದರು.

ಮುರುಗೇಶಪ್ಪ ನಶ್ಯದ ಡಬ್ಬಿ ತೆರೆದು, ಏರಿಸದೆ, ಮತ್ತೆ ಮುಚ್ಚಿದರು.

"ಎಲ್ಲಿ ಅತ್ತಳು?"

"ಶಾಲಿನ ಹತ್ರ ಮಾವ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಪುಟ್ಟಯ್ಯ ಕಾರ್ಡಿನಲ್ಲಿ ಬರೆದಿದ್ದ ಕನ್ನಡಕದ ಮಾತು ಓಂಕಾರಪ್ಪನಿಗೆ ಈಗ ಅರ್ಥವಾಯಿತು.

"ಹಾಗಾದ್ರೆ ಆಗ ನೀನು ಎಚ್ಚರವಾಗಿರ್ತಿದ್ದೆ."

"ಇರ್ತಿದ್ದೆ ಮಾವ. ನಿದ್ದೆ ಬಂದ ಹಾಗೆ ನಟಿಸ್ತಿದ್ದೆ."

"ದಿನಾ?"

"ದಿನಾ."

"ನಾನೂ ದಿನಾ, ಶಾಲು ಎಳ್ಕೊಂಡೋನು ಯಾರೋ ಅಂತಿದ್ದೆ," ಎಂದರು ಜನ್ಮದಲ್ಲಿ ಸುಳ್ಳು ಹೇಳದ ಮುರುಗೇಶಪ್ಪ. ಅವರ ಮುಖದಲ್ಲಿ ಸಿಕ್ಕಿಬಿದ್ದ ಹುಡುಗನ ನಾಚಿಕೆಯಿತ್ತು. ಆಮೇಲೆ ಆ ಮಡಿಸಿದ ಹಾಳೆಯನ್ನು ಓಂಕಾರಪ್ಪನ ಕೈಯಿಂದ ತೆಗೆದುಕೊಂಡು ತಮ್ಮ ಜೇಬಿಗೇ ಮತ್ತೆ ಇಟ್ಟುಕೊಂಡರು. "ನಾಳೆ ಬೆಳಿಗ್ಗೆ ಪುಟ್ಟಯ್ಯನ ಹತ್ರ ಹೋಗಿ ಮಿಕ್ಕಿದ್ದು ಜೋಡಿಸೋಕೆ ಹೇಳು. ನಾನು ಸತ್ತ ಮೇಲೆ ಆ ಹುಡುಗನಿಗೆ ಏನಾಯ್ತು ಅಂತ ನಂಗೆ ಗೊತ್ತಾಗ್ಬೇಕು."