ಭಾವ, ಬುಲ್ಡೋಜರು ಮತ್ತು ಭಾನುವಾರ

ನಮ್ಮ ಅಕ್ಕನ ಗಂಡ ಬುಲ್ಡೋಜರ್ ಆಪರೇಟರು. ರಸ್ತೆ ಕೆಲಸದ ಮೆಷಿನುಗಳು ನಿಲ್ಲುವ ಅದೇ ಯಾರ್ಡಿನಲ್ಲಿ ನಾನು ರೋಡ್ ರೋಲರ್ ಓಡಿಸುತ್ತೇನೆ. ರೋಲರ್ ಓಡಿಸುವವನಿಗೆ ಅವಸರ ಇರುವುದಿಲ್ಲ. ಸುತ್ತಮುತ್ತ ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ. ಹಾಗಾಗಿ ಭಾವನನ್ನು ನಾನು ಚೆನ್ನಾಗಿ ನೋಡಿದ್ದೇನೆ.

ಭಾವ ಮನೆಯೊಳಗೆ ಬರುವಾಗ ಕಾಲು ಒರೆಸುವುದಿಲ್ಲ. ಬುಲ್ಡೋಜರ್ ಹತ್ತುವಾಗ ಮಾತ್ರ ಎರಡೂ ಬೂಟನ್ನು ಚೈನಿನ ಅಂಚಿಗೆ ಕೆರೆದು, ಮಣ್ಣು ಉದುರಿಸಿ, ಆಮೇಲೆ ಹತ್ತುತ್ತಾರೆ. ಹರಿದ ಸೀಟಿನ ಮೇಲೆ ಅಕ್ಕನ ಹಳೆ ಬೆಡ್‌ಶೀಟು ಮಡಿಸಿ ಹಾಸಿದ್ದಾರೆ. ಅದರ ಮೇಲೆ ಬೇರೆ ಯಾರೂ ಕೂರುವ ಹಾಗಿಲ್ಲ.

ಅಕ್ಕ ಒಮ್ಮೆ ಹೇಳಿದಳು: "ಆ ಕಬ್ಬಿಣಕ್ಕೆ ಕೊಡೋ ಮರ್ಯಾದೇಲಿ ಕಾಲು ಭಾಗ ನನ್ನ ನೆಲಕ್ಕೆ ಕೊಟ್ಟಿದ್ರೆ ದಿನಾ ಒರೆಸೋದಾದ್ರೂ ತಪ್ತಿತ್ತು."

"ನಿನ್ನ ನೆಲ ಬೆಳಿಗ್ಗೆ ಸ್ಟಾರ್ಟ್ ಆಗ್ಬೇಕಾ?" ಅಂದರು ಭಾವ.

ಇಷ್ಟು ಮಾತಾಡಿದರೆ ಅವರಿಗೆ ಆ ವಾರದ ಮಾತು ಮುಗಿದ ಹಾಗೆ.

ನಮ್ಮ ಯಾರ್ಡಿಗೆ ಒಬ್ಬರು ಸಾಹೇಬರಿದ್ದಾರೆ. ಅವರಿಗೆ ಒಬ್ಬ ಅಳಿಯ. ಅಳಿಯ ಮನೆ ಕಟ್ಟಲು ಒಂದು ಸೈಟು ತೆಗೆದುಕೊಂಡ. ಸೈಟಿನಲ್ಲಿ ದಿಣ್ಣೆ ಇತ್ತು. ಒಂದು ಭಾನುವಾರ ಭಾವ ಮನೆಯಲ್ಲಿ ಮಲಗಿದ್ದಾಗ ಬುಲ್ಡೋಜರು ಹೋಗಿ ಆ ದಿಣ್ಣೆ ತೆಗೆದು ಬಂದಿತು. ಓಡಿಸಿದ್ದು ಅಳಿಯನೇ. ಅವನಿಗೆ ಅದಕ್ಕೆ ಮುಂಚೆ ಮೋಟಾರ್ ಬೈಕ್ ಓಡಿಸಿ ಅಭ್ಯಾಸವಿತ್ತು.

ಸೋಮವಾರ ನೋಡಿದರೆ ಬ್ಲೇಡಿನ ಒಂದು ಮೂಲೆ ಬಾಗಿದೆ. ಬೆಡ್‌ಶೀಟಿನಲ್ಲಿ ಸಿಗರೇಟಿನ ತೂತು. ಸಾಹೇಬರು ಭಾವನನ್ನು ಕರೆಸಿ, "ಬ್ಲೇಡ್ ಯಾಕ್ರೀ ಬಾಗಿದೆ? ಸ್ವಲ್ಪ ಜವಾಬ್ದಾರಿ ಬೇಡ್ವಾ?" ಎಂದು ಕೇಳಿದರು. ಭಾವ ಹೋಗಿ ಬೆಡ್‌ಶೀಟು ತೆಗೆದು ಮಡಿಸಿಕೊಂಡರು. ಬ್ಲೇಡನ್ನು ಮೆಕ್ಯಾನಿಕ್ ಕಾಯಿಸಿ ಬಡಿದು ನೆಟ್ಟಗೆ ಮಾಡಿದ. ಬೆಡ್‌ಶೀಟಿಗೆ ಅಕ್ಕ ತೇಪೆ ಹಾಕಿದಳು.

ಆ ವಾರವೇ ಭಾವ ಒಂದು ಹಳೆ ಟ್ರ್ಯಾಕ್ಟರಿನ ಸ್ವಿಚ್ಚು ತಂದು ಸೀಟಿನ ಕೆಳಗೆ, ಕೈಗೆ ಸಿಗುವ ಆದರೆ ಕಣ್ಣಿಗೆ ಬೀಳದ ಜಾಗದಲ್ಲಿ ಕೂರಿಸಿದರು. ಅದನ್ನು ಆರಿಸಿದರೆ ಬ್ಯಾಟರಿಯಿಂದ ಮುಂದಕ್ಕೆ ಕರೆಂಟು ಹೋಗುವುದಿಲ್ಲ. ಕೀಲಿ ಎಷ್ಟು ತಿರುಗಿಸಿದರೂ ಮೆಷಿನ್ ಮೂಕ. ನಾನು ಟಾರ್ಚ್ ಹಿಡಿದಿದ್ದರಿಂದ ನನಗೆ ಗೊತ್ತಾಯಿತು.

"ಯಾರಿಗೂ ಹೇಳ್ಬೇಡ. ಕೆಲಸ ಹೋಗುತ್ತೆ," ಅಂದರು. ಆಫೀಸಿನ ಮೆಷಿನಿನ ವೈರು ಮುಟ್ಟಿದರೆ ಸಸ್ಪೆಂಡ್ ಎಂದು ನಮ್ಮಲ್ಲಿ ರೂಲ್ಸ್ ಇದೆ.

"ಅಕ್ಕನಿಗೂ ಹೇಳೋದು ಬೇಡ್ವಾ?"

"ಅವಳಿಗೆ ಹೇಳಿದ್ರೆ ರೇಡಿಯೋಗೆ ಹೇಳಿದ ಹಾಗೆ."

ಇದಾಗಿ ಕೆಲವು ತಿಂಗಳಿಗೆ ಸಾಹೇಬರಿಗೆ ಬುಲ್ಡೋಜರಿನ ವಯಸ್ಸಿನ ಬಗ್ಗೆ ಚಿಂತೆ ಶುರುವಾಯಿತು. ಹಳೆಯದಾಯಿತು, ಗುಜರಿಗೆ ಹಾಕೋಣ, ಬೇಕಾದಾಗ ಬಾಡಿಗೆಗೆ ತರಿಸೋಣ ಎಂದು ಮೇಲಿನವರಿಗೆ ಬರೆದರು. ಅದೇ ಹೊತ್ತಿಗೆ ಅವರ ಅಳಿಯ ಬಾಡಿಗೆಗೆ ಬಿಡಲು ಹೊಸ ಬುಲ್ಡೋಜರ್ ಕೊಂಡಿದ್ದ. ಒಳ್ಳೆಯ ಕೆಲಸಕ್ಕೆ ದೇವರು ಹೀಗೆ ದಾರಿ ತೋರಿಸುತ್ತಾನೆ.

ಮುಖ್ಯ ಆಫೀಸಿನಿಂದ ಇಬ್ಬರು ಬಂದು ನೋಡುವುದು ಎಂದಾಯಿತು. ಮೆಷಿನ್ ಅವರೆದುರು ಎದ್ದು ಓಡಿದರೆ ಉಳಿಯುತ್ತದೆ. ಇಲ್ಲದಿದ್ದರೆ ಗುಜರಿ. ಆಗ ಭಾವನಿಗೆ ಟಪಾಲು ರೂಮಿನಲ್ಲಿ ಕುರ್ಚಿ.

"ಅಲ್ಲಿ ಕೂತ್ಕೊಂಡು ನಾನು ಏನನ್ನ ತಳ್ಳಲಿ?" ಎಂದು ಭಾವ ನನ್ನನ್ನು ಕೇಳಿದರು.

"ಫೈಲು," ಅಂದೆ.

ಅವರು ನಗಲಿಲ್ಲ. ಆ ರಾತ್ರಿ ಊಟವನ್ನೂ ಅರ್ಧಕ್ಕೆ ಬಿಟ್ಟರಂತೆ.

ಪರೀಕ್ಷೆಯ ಹಿಂದಿನ ಸಂಜೆ ನಾವು ನಾಲ್ಕು ಜನ ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದೆವು. ಭಾವ, ಮೆಕ್ಯಾನಿಕ್, ರಾತ್ರಿ ವಾಚ್‌ಮನ್, ನಾನು. ಚಹಾದವನು ಲೋಟ ತೊಳೆಯುತ್ತಾ ಅಂದ: "ಇವತ್ತು ರಾತ್ರಿ ಹುಷಾರಾಗಿರಿ. ಅಳಿಯ ದೇವರು ಬಂದು ಮೆಷಿನ್‌ಗೆ ಏನಾದ್ರೂ ಮಾಡಿಟ್ಟು ಹೋಗ್ಬಹುದು."

ಎಲ್ಲರೂ ಅವರವರ ಲೋಟ ನೋಡಿಕೊಂಡರು. ಆಗಲೇ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಮೆಕ್ಯಾನಿಕ್ ಗೇಟಿನ ಹತ್ತಿರ ಆಗಲೇ ನಿಂತಿದ್ದ. ಅವನು ಯಾವತ್ತೂ ಆ ಹೊತ್ತಿಗೆ ಬಂದವನಲ್ಲ.

"ಏನಪ್ಪ, ಇಷ್ಟು ಬೇಗ?" ಅಂದೆ.

"ನಿದ್ದೆ ಬರ್ಲಿಲ್ಲ."

ಹಿಂದೆಯೇ ಭಾವ ಬಂದರು. ಅವರಿಗೂ ನಿದ್ದೆ ಬಂದಿರಲಿಲ್ಲ. ಆದರೆ ನಮ್ಮೆಲ್ಲರಿಗಿಂತ ಮುಂಚೆ ಸಾಹೇಬರ ಕಾರು ಬಂದಿತ್ತು. ಬುಲ್ಡೋಜರಿನ ಮೂತಿಯ ಮುಂದೆಯೇ ಮೇಜು ಹಾಕಿಸಿ, ಮುಖ್ಯ ಆಫೀಸಿನ ಇಬ್ಬರನ್ನು ಕೂರಿಸಿದ್ದರು. ಒಬ್ಬರು ದಪ್ಪ ಕನ್ನಡಕದವರು, ಎಲ್ಲವನ್ನೂ ಕೇಳುತ್ತಿದ್ದರು. ಇನ್ನೊಬ್ಬರು ಬಿಸ್ಕತ್ತು ತಿನ್ನುತ್ತಿದ್ದರು. ವಾಚ್‌ಮನ್ ಕುರ್ಚಿ ಹೊತ್ತು, ಚಹಾ ಹೊತ್ತು, ಬೆವರಿ ನಿಂತಿದ್ದ. ಅವನ ಕಣ್ಣು ಮಾತ್ರ ಬುಲ್ಡೋಜರಿನ ಹೊಟ್ಟೆಯ ಕಡೆಗಿತ್ತು.

ಭಾವ ಬೂಟು ಕೆರೆದು ಹತ್ತಿದರು. ಬೆಡ್‌ಶೀಟು ಸರಿ ಮಾಡುವ ಹಾಗೆ ಬಗ್ಗಿದರು. ಸ್ವಿಚ್ಚು ಹಾಕಿದರು ಎಂದು ನನಗೆ ಒಬ್ಬನಿಗೆ ಗೊತ್ತು. ಕೀಲಿ ತಿರುಗಿಸಿದರು.

ಎದ್ದಿತು. ನಾಲ್ಕು ಸಲ ಕೆಮ್ಮಿತು. ಸತ್ತಿತು.

ಮತ್ತೆ ತಿರುಗಿಸಿದರು. ಗರ್ ಗರ್ ಅನ್ನುತ್ತದೆ, ಹಿಡಿಯುವುದಿಲ್ಲ. ಭಾವನ ಮುಖ ಕಪ್ಪಿಟ್ಟಿತು.

ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ. ಸಾಹೇಬರು ಬ್ಯಾಟರಿ ಅಂದರು. ಯಾರ್ಡಿನ ಗುಮಾಸ್ತ ಕೀಲಿ ಬದಲಾಗಿದೆ ಅಂದ. ಸಾಹೇಬರ ಕಾರಿನ ಡ್ರೈವರು ರೇಡಿಯೇಟರಿಗೆ ಬಿಸಿನೀರು ಹಾಕಬೇಕು ಅಂದ. ಬಿಸ್ಕತ್ತಿನವರು ಬಾಯಿ ಖಾಲಿ ಮಾಡಿಕೊಂಡು, "ತಳ್ಳಿ ಸ್ಟಾರ್ಟ್ ಮಾಡಿದ್ರೆ ಹೇಗೆ?" ಅಂದರು. ತಳ್ಳುವ ಮೆಷಿನನ್ನೇ ತಳ್ಳುವುದು ಯಾರಿಗೂ ಹೊಳೆದಿರಲಿಲ್ಲ. ಗುಮಾಸ್ತ ತೋಳು ಮಡಿಸಿಕೊಂಡು ಒಂದು ಹೆಜ್ಜೆ ಮುಂದಕ್ಕೂ ಬಂದ.

ಆಗ ವಾಚ್‌ಮನ್, "ಸಾರ್, ಕೆಳಗೆ ಬೆಕ್ಕು ಹೋದ ಹಾಗಾಯ್ತು. ಓಡಿಸ್ತೀನಿ," ಎಂದು ಹೇಳಿ ಮೆಷಿನ್ ಕೆಳಗೆ ತೂರಿದ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಗ್ರೀಸು ಮಾಡಿಕೊಂಡು ಹೊರಗೆ ಬಂದ.

"ಎಲ್ಲಪ್ಪ ಬೆಕ್ಕು?" ಎಂದರು ಕನ್ನಡಕದವರು.

"ಆ ಕಡೆಯಿಂದ ಓಡಿಹೋಯ್ತು ಸಾರ್."

ಆ ಕಡೆ ನಾನು ನಿಂತಿದ್ದೆ.

ಮೆಕ್ಯಾನಿಕ್ ಡೀಸೆಲ್ ಪೈಪು ನೋಡಿ, "ಏರ್ ಹಿಡ್ಕೊಂಡಿದೆ," ಅಂದ. ಸ್ಕ್ರೂ ಸಡಿಲ ಮಾಡಿ ಕೈ ಪಂಪು ಒತ್ತಿದ. ನೊರೆ ಬಂತು, ಗುಳ್ಳೆ ಬಂತು, ಕೊನೆಗೆ ಶುದ್ಧ ಡೀಸೆಲ್ ಬಂತು. ಸ್ಕ್ರೂ ಬಿಗಿ ಮಾಡಿದ. ಭಾವ ಕೀಲಿ ತಿರುಗಿಸಿದರು. ಇಂಜಿನ್ ಎದ್ದಿತು. ಈ ಸಲ ನಿಲ್ಲುವ ಮಾತೇ ಇಲ್ಲ. ಮೇಜಿನ ಮೇಲಿನ ಲೋಟಗಳು ನಡುಗಿದವು. ಸಾಹೇಬರ ಮುಖ ಚಿಕ್ಕದಾಯಿತು.

ಭಾವ ಬ್ಲೇಡ್ ಎತ್ತಿದರು. ಗೇರ್ ಲಿವರನ್ನು ಮುಂದಕ್ಕೆ ಹಾಕಿದರು. ಇಂಜಿನ್ ಅರಚಿತು. ಮೆಷಿನ್ ಕದಲಲಿಲ್ಲ. ಹಿಂದಕ್ಕೆ ಹಾಕಿದರು. ಆಗಲೂ ಇಲ್ಲ. ಲಿವರು ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಆಡುತ್ತಿತ್ತು.

ಸಾಹೇಬರ ಮುಖ ಮತ್ತೆ ಮೊದಲಿನಷ್ಟೇ ಆಯಿತು. "ನೋಡಿದ್ರಲ್ಲ ಸಾರ್. ಎದ್ದೇಳುತ್ತೆ, ನಡೆಯಲ್ಲ. ವಯಸ್ಸಾಯ್ತು. ಗೌರವದಿಂದ ಕಳಿಸಿಕೊಡೋಣ."

ನಾನು ಮೆಕ್ಯಾನಿಕನ್ನು ನೋಡಿದೆ. ಅವನು ಬಲಗಡೆ ಜೇಬಿಗೆ ಕೈ ಹಾಕಿದ. ಎಡಗಡೆಗೆ ಹಾಕಿದ. ಹಿಂದಿನದಕ್ಕೂ ಹಾಕಿದ. ಆಮೇಲೆ ತಾನು ಹಾಕಿಕೊಂಡ ಪ್ಯಾಂಟನ್ನೇ ಬಗ್ಗಿ ನೋಡಿದ. ಬುಲ್ಡೋಜರು ಎರಡು ನಿಮಿಷ ಬಿಸಿಯಾಗಲಿ ಎಂದು ಹೇಳಿ, ಶೆಡ್ಡಿನ ಹಿಂದೆ ಹೋಗಿ ಫೋನ್ ಮಾಡಿದ.

ಬಿಸ್ಕತ್ತಿನ ಎರಡನೆಯ ಪ್ಯಾಕೆಟ್ ಮುಗಿಯುವ ಹೊತ್ತಿಗೆ ಅವನ ಹೆಂಡತಿ ಸ್ಕೂಟರಿನಲ್ಲಿ ಬಂದಳು. ಸೋಪಿನ ಕೈ ಇನ್ನೂ ಒದ್ದೆ ಇತ್ತು. ಗೇಟಿನಿಂದಲೇ ಶುರು ಮಾಡಿದಳು.

"ರೀ, ತಗೊಳ್ಳಿ ನಿಮ್ಮ ಕಬ್ಬಿಣ. ಪ್ಯಾಂಟ್ ಎತ್ತಿ ಬಡಿದ್ರೆ ಬಕೆಟ್ ಸೀಳಿಹೋಯ್ತು. ಜೇಬು ನೋಡಿ ಒಗೆಯೋಕೆ ಹಾಕಿ ಅಂತ ಮದ್ವೆ ಆದಾಗಿಂದ ಹೇಳ್ತಿದೀನಿ."

"ಏನಮ್ಮ ಅದು?" ಕನ್ನಡಕದವರು ಕೇಳಿದರು.

"ನನಗೇನ್ ಗೊತ್ತು ಸಾರ್. ಗೇರಿನ ಪಿನ್ನಂತೆ. ಇದು ಇಲ್ದೆ ಬುಲ್ಡೋಜರ್ ಹೋಗಲ್ವಂತೆ. ಯಾರಿಗೂ ಹೇಳ್ದೆ ತಗೊಂಡ್ಬಾ ಅಂದ್ರು."

ಭಾವ ಇಂಜಿನ್ ನಿಲ್ಲಿಸಿದರು.

"ಕೇಳಿದ್ರಾ ಸಾರ್?" ಸಾಹೇಬರು ಎದ್ದು ನಿಂತರು. "ನಮ್ಮವರೇ ಹಾಳು ಮಾಡಿದಾರೆ. ಮೆಷಿನ್ ಗುಜರಿಗೆ, ಇವರು ಮನೆಗೆ."

ಕನ್ನಡಕದವರು ಮೆಕ್ಯಾನಿಕನ್ನು ಕರೆದರು. "ಯಾಕಪ್ಪ ತೆಗೆದೆ?"

"ರಾತ್ರಿ ಯಾರಾದ್ರೂ ಮುಟ್ಟಿದ್ರೆ ಅಂತ ಭಯ ಆಯ್ತು ಸಾರ್. ಪಿನ್ ಇಲ್ದಿದ್ರೆ ಒಯ್ಯೋಕಾಗಲ್ವಲ್ಲ."

"ನಾನೂ ಅದಕ್ಕೇ ಸಾರ್ ಡೀಸೆಲ್ ಟ್ಯಾಪ್ ಮುಚ್ಚಿದ್ದು," ಎಂದು ವಾಚ್‌ಮನ್ ಅಂದುಬಿಟ್ಟ. ಆಮೇಲೆ ಬಾಯಿ ಮೇಲೆ ಕೈ ಇಟ್ಟುಕೊಂಡ.

"ಅಂದ್ರೆ ಬೆಕ್ಕು?"

"ಬೆಕ್ಕು ಇರ್ಲಿಲ್ಲ ಸಾರ್."

ಕನ್ನಡಕದವರು ತಲೆ ಎತ್ತಿ ಭಾವನನ್ನು ನೋಡಿದರು. "ನೀವೇನು ಮಾಡಿಟ್ಟಿದೀರಿ?"

ನಾನು ಬೆಡ್‌ಶೀಟು ನೋಡಿದೆ. ಬೇಗ ಕಣ್ಣು ತೆಗೆದು ರೋಲರ್ ನೋಡಿದೆ.

"ನಾನು ಓಡಿಸೋನು ಸಾರ್," ಅಂದರು ಭಾವ.

ಅದು ನಿಜವೇ. ಕನ್ನಡಕದವರು ಮತ್ತೆ ವಾಚ್‌ಮನ್ ಕಡೆ ತಿರುಗಿದರು. "ಅಲ್ಲಯ್ಯಾ, ಮನೆಯಷ್ಟು ದೊಡ್ಡ ಮೆಷಿನ್. ಇದನ್ನ ಯಾರು ಒಯ್ತಾರೆ?"

"ಹಿಂದೆ ಒಂದ್ಸಲ ಭಾನುವಾರ ಹೋಗಿತ್ತು ಸಾರ್..."

"ಭಾನುವಾರ? ಯಾರ ಕೆಲಸಕ್ಕೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಹೇಬರಿಗೆ ಕೆಮ್ಮು ಬಂತು. ನೀರು ಕುಡಿದರು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡಾಗ ಅವರು ಬೇರೆಯೇ ಮನುಷ್ಯ.

"ಸಾರ್, ಇದೆಲ್ಲ ನಾನೇ ಹೇಳಿ ಮಾಡಿಸಿದ್ದು. ರಕ್ಷಣೆಗೆ. ಟ್ಯಾಪ್ ಒಬ್ಬ, ಪಿನ್ ಒಬ್ಬ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿರಬಾರದು ಅಂದಿದ್ದೆ. ಗುಟ್ಟು ಬಿಟ್ಟುಕೊಡ್ತಾರಾ ಅಂತ ಈಗ ಪರೀಕ್ಷೆ ಮಾಡಿದೆ."

"ಗುಜರಿಗೆ ಹಾಕೋ ಮೆಷಿನ್‌ಗೆ ಇಷ್ಟು ರಕ್ಷಣೆನಾ?"

"ಗುಜರಿ ಅಂದಿದ್ದೂ ಪರೀಕ್ಷೆಯ ಭಾಗವೇ ಸಾರ್."

ಬಿಸ್ಕತ್ತಿನವರು ತಿನ್ನುವುದನ್ನು ನಿಲ್ಲಿಸಿ, "ಭೇಷ್," ಅಂದರು.

ಮೆಕ್ಯಾನಿಕ್ ಪಿನ್ ಹಾಕಿದ. ಭಾವ ಲಿವರು ಮುಂದಕ್ಕೆ ಹಾಕಿದರು. ಚೈನು ಕಿರ್ ಎಂದಿತು, ಬುಲ್ಡೋಜರ್ ಹೊರಟಿತು. ಮೂಲೆಯಲ್ಲಿದ್ದ ಜಲ್ಲಿ ರಾಶಿಯನ್ನು ತಳ್ಳಿಕೊಂಡು ಬಂದು, ಹಾಸಿಗೆ ಹಾಸಿದ ಹಾಗೆ ಹರವಿದರು. ಬ್ಲೇಡು ಮೇಜಿಗೆ ಒಂದು ಗೇಣು ಇದೆ ಅನ್ನುವಾಗ ನಿಂತಿತು. ಸಾಹೇಬರು ಮಾತ್ರ ಕುರ್ಚಿ ಸಮೇತ ಹಿಂದೆ ಸರಿದಿದ್ದರು.

ಮೆಷಿನ್ ಉಳಿಯಿತು. ಆದರೆ ಕನ್ನಡಕದವರಿಗೆ ಆ ರಕ್ಷಣೆ ಬಹಳ ಹಿಡಿಸಿತು. ವಾರದೊಳಗೆ ಆರ್ಡರ್ ಬಂತು. ಇನ್ನು ಮೇಲೆ ದಿನಾ ಸಂಜೆ ವಾಚ್‌ಮನ್ ಟ್ಯಾಪ್ ಮುಚ್ಚಬೇಕು, ಮೆಕ್ಯಾನಿಕ್ ಪಿನ್ ತೆಗೆಯಬೇಕು, ಕೀಲಿ ಸಾಹೇಬರ ಮೇಜಿನಲ್ಲಿರಬೇಕು. ಬೆಳಿಗ್ಗೆ ಮೂವರೂ ಬಂದ ಮೇಲೆಯೇ ಕೆಲಸ. ವಾಚ್‌ಮನ್ ರಜೆ ಹಾಕಿದರೆ ಬುಲ್ಡೋಜರಿಗೂ ರಜೆ. ಸಾಹೇಬರಿಗೆ ಇದಕ್ಕಾಗಿ ಒಂದು ಶಾಲು ಹೊದಿಸಿದರು. ರಸ್ತೆ ಕೆಲಸ ಹಿಂದೆ ಬಿತ್ತು. ನನ್ನ ರೋಲರಿಗಿಂತ ಈಗ ಬುಲ್ಡೋಜರೇ ನಿಧಾನ.

ಭಾವ ಬೇಸರ ಮಾಡಿಕೊಳ್ಳುವುದಿಲ್ಲ. ಬೆಳಿಗ್ಗೆ ಬಂದು ಬೂಟು ಕೆರೆದು, ಹತ್ತಿ, ಬೆಡ್‌ಶೀಟಿನ ಮೇಲೆ ಕೂತು ಕಾಯುತ್ತಾರೆ. ಟಪಾಲು ರೂಮಿನ ಕುರ್ಚಿಗಿಂತ ಇದು ಎತ್ತರ.

ಹೋದ ಭಾನುವಾರ ನಾನು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಮುಗಿಸಿ ಭಾವ ಚಾಪೆ ಹಾಸಿ ಮಲಗಿದ್ದರು. ಫೋನ್ ಬಂತು. ಸಾಹೇಬರು. ಅವರ ದನಿ ನನಗೂ ಕೇಳುತ್ತಿತ್ತು. ಅಳಿಯನ ಹೊಸ ಬುಲ್ಡೋಜರ್ ಕೆರೆ ಅಂಗಳದ ಕೆಸರಲ್ಲಿ ಹೂತುಹೋಗಿದೆ. ಎಳೆದು ತೆಗೆಯಲು ನಮ್ಮದನ್ನು ಒಯ್ಯಬೇಕು. ಟ್ಯಾಪ್ ತೆಗೆಸಿದ್ದಾರೆ, ಪಿನ್ ಹಾಕಿಸಿದ್ದಾರೆ, ಕೀಲಿ ಅವರ ಕೈಯಲ್ಲೇ ಇದೆ. ಮೆಷಿನ್ ಕುಂಯ್ ಅನ್ನುತ್ತಿಲ್ಲ.

"ಬ್ಯಾಟರಿ ವೈರು ಬಿಗಿ ಇದೆಯಾ ಸಾರ್?" ಭಾವ ಮಲಗಿಕೊಂಡೇ ಕೇಳಿದರು.

ಬಿಗಿ ಇದೆಯಂತೆ.

"ಲಿವರು ನ್ಯೂಟ್ರಲ್‌ನಲ್ಲಿದೆಯಾ?"

ಇದೆಯಂತೆ.

"ಹಾಗಾದ್ರೆ ವಯಸ್ಸಾಯ್ತು ಸಾರ್. ನೀವೇ ಹೇಳಿದ್ರಲ್ಲ." ಸ್ವಲ್ಪ ತಡೆದು, "ನಾಳೆ ಬಂದು ನೋಡ್ತೀನಿ," ಅಂದು ಫೋನ್ ಇಟ್ಟರು.

ಅಕ್ಕ ಪಾತ್ರೆ ತೊಳೆಯುತ್ತಾ ಕೇಳಿದಳು: "ಏನಂತೆ?"

"ಮೆಷಿನ್ ಏಳ್ತಿಲ್ವಂತೆ."

"ನಿಮ್ಮ ಹಾಗೇ ಆಗಿದೆ ಅದು. ಭಾನುವಾರ ಎಬ್ಬಿಸೋಕಾಗಲ್ಲ."

ಭಾವ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಗೋಡೆ ಕಡೆ ಮಗ್ಗುಲಾದರು.