ಹುಣಸೆ ನುಂಗಿದ ಮೊಳೆ

ತಳಕಲ್ಲಿನ ಎರೆಭೂಮಿಯಲ್ಲಿ ಒಲೆಗೆ ಹೋಗುವುದು ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ. ತೊಗರಿಕಟ್ಟಿಗೆ ಮುರಿಯಲು ಹೆಂಗಸರ ಮೊಣಕಾಲು ಸಾಕು. ಕೊಡಲಿ ಕೂಡ ವರ್ಷಕ್ಕೆ ಒಂದೆರಡು ಸಲ ಗೂಟದಿಂದ ಇಳಿದರೆ ಹೆಚ್ಚು. ಅಂಥ ಊರಿನಲ್ಲಿ ಒಬ್ಬ ಮನುಷ್ಯ ಎತ್ತು ಮಾರಿ, ಎತ್ತು ಮೇಯುತ್ತಿದ್ದ ಗ್ವಾದಲಿಯೊಳಗೆ ಮರ ಕೊಯ್ಯುವ ಮಷಿನ್ನುಗಳನ್ನು ಸಾಲಾಗಿ ಮಲಗಿಸಿದ ಎಂದರೆ, ಕೇಳಿದವರು ಮೊದಲು ನಗುತ್ತಾರೆ. ಊರಿನವರೂ ಮೊದಲು ನಕ್ಕರು.

ನಗದೆ ಇದ್ದವಳು ಒಬ್ಬಳೇ, ಅವನ ಹೆಂಡತಿ ಹಂಪವ್ವ.

ಗಾದಿಲಿಂಗಪ್ಪನಿಗೆ ಆ ಗೀಳು ಹತ್ತಿದ್ದು ಗಂಗಾವತಿ ಕಡೆ, ಎಪ್ಪತ್ತೈದನೇ ಇಸವಿಯ ಸುಮಾರಿಗೆ. ಕಾಲುವೆಯ ನೀರು ಬಂದ ಭೂಮಿಯಲ್ಲಿ ಆಂಧ್ರದವರು ಕ್ಯಾಂಪು ಹಾಕಿ, ಜಾಲಿಯ ಅಡವಿ ಕಡಿದು ಗದ್ದೆ ಮಾಡಿಸುತ್ತಿದ್ದರು. ಕೂಲಿಗೆ ಹೋದ ಇವನು ಬೆಳಗಿನಿಂದ ಒಂದು ಜಾಲಿಯ ಬೊಡ್ಡೆಯ ಜೊತೆ ಕೊಡಲಿ ಹಿಡಿದು ಗುದ್ದಾಡುತ್ತಿದ್ದ. ಕ್ಯಾಂಪಿನ ಗುತ್ತಿಗೆದಾರ ಕೆಂಪು ಬಣ್ಣದ ಒಂದು ಮಷಿನ್ನು ತಂದು ಹಗ್ಗ ಜಗ್ಗಿದ. ಮುಂದಕ್ಕೆ ಚಾಚಿದ ಉದ್ದ ನಾಲಿಗೆ, ನಾಲಿಗೆಯ ಸುತ್ತ ಹಲ್ಲಿನ ಸರಪಳಿ. "ಪಟ್ಟುಕೋರಾ" ಎಂದು ಅದನ್ನು ಇವನ ಕೈಗೆ ಕೊಟ್ಟ. ಬೀಡಿ ಸುಡುವಷ್ಟರಲ್ಲಿ ಮರ ನೆಲಕ್ಕೆ ಬಿತ್ತು.

ಸುಗ್ಗಿಗೆ ಊರಿಗೆ ಬಂದಾಗ ಅವನು ಹೆಂಡತಿಗೆ ಹೇಳಿದ್ದು ಒಂದೇ ಸುದ್ದಿ. "ಅವತ್ತ ರಾತ್ರಿ ರೊಟ್ಟಿ ಮುರಿಯಾಕ ಆಗಲಿಲ್ಲ ನೋಡು. ಕೈ ನಡಗತಿದ್ದೂ. ಏನೋ ಒಂದು ಕೈಯಾಗ ಹೊಕ್ಕೊಂಡಂಗಾತು."

ಅವನು ಸಂತೋಷದಿಂದ ಹೇಳಿದ. ಹಂಪವ್ವ ಮಾತ್ರ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಹೊಕ್ಕೊಳ್ಳುವುದು ಏನು, ಬಿಡುವುದು ಏನು ಎಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

ಮರುವರ್ಷ ಆ ಕೆಂಪು ಮಷಿನ್ನೇ ಬಸ್ಸಿನ ಮೇಲೆ ಕೂತು ತಳಕಲ್ಲಿಗೆ ಬಂತು. ಹುಡುಗರು ಅದಕ್ಕೆ 'ಬೊಗಳೋ ಕೊಡಲಿ' ಎಂದು ಹೆಸರಿಟ್ಟರು. ಗಾಳಿಗೆ ಉರುಳಿದ್ದ ಒಂದು ಬೇವಿನ ಮರವನ್ನು ಅವನು ತುಂಡು ತುಂಡು ಮಾಡಿ ಮನೆ ಮನೆಗೆ ಹಂಚಿದಾಗ ಹೆಂಗಸರು ಹರಸಿದರು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಎರಡನೆಯದು ಮುನಿರಾಬಾದಿನ ಹರಾಜಿನಲ್ಲಿ ಸಿಕ್ಕಿತು. ಮೂರನೆಯದನ್ನು ಬಳ್ಳಾರಿಯ ಗುಜರಿಯಿಂದ ತರಿಸಿಕೊಟ್ಟವನು ಮದಾರಸಾಬ, ಕೊಪ್ಪಳದಲ್ಲಿ ನೀರಿನ ಪಂಪು ರಿಪೇರಿ ಮಾಡುವವನು. ಇಬ್ಬರೂ ಒಬ್ಬರನ್ನೊಬ್ಬರು ಮಾಮಾ, ಅಳ್ಯಾ ಎಂದು ಕರೆಯುವಷ್ಟು ಸಲಿಗೆ.

"ಎರಡು ಇದ್ದಾವಲ್ಲ ಅಳ್ಯಾ, ಇದ್ಯಾಕ?" ಎಂದು ಮದಾರಸಾಬ ಕೇಳಿದ್ದ.

"ಒಂದೊಂದರ ದನಿ ಒಂದೊಂದು ನಮೂನಿ ಮಾಮಾ. ನಿನಗ ತಿಳಿಯಂಗಿಲ್ಲ."

ಆ ದನಿಗಾಗಿಯೇ ಎತ್ತು ಹೋದವು. ಆ ವರ್ಷ ಕಾರಹುಣ್ಣಿಮೆಗೆ ಊರೆಲ್ಲ ಎತ್ತಿನ ಕೋಡಿಗೆ ಬಣ್ಣ ಬಳಿಯುವಾಗ ಗಾದಿಲಿಂಗಪ್ಪ ಮೂರು ಮಷಿನ್ನಿಗೆ ಅರಿಶಿನ ಹಚ್ಚಿ ಕಟ್ಟೆಯ ಮೇಲೆ ಇಟ್ಟ. ಪಕ್ಕದ ಮನೆಯ ಮಾರೆಪ್ಪ ಬಿಟ್ಟಾನೇ? "ಗಾದೆಣ್ಣಾ, ಸಂಜೀಕ ಕರಿ ಹರಿಯಾಕ ಎತ್ತಿನ ಬದಲಿ ಇವನ್ನ ಓಡಸ್ತೀಯೇನು? ಮೇವು ಹಾಕಿಯೋ, ಪೆಟ್ರೋಲ ಕುಡಿಸಿಯೋ?"

ಎಲ್ಲರೂ ನಕ್ಕರು. ಗಾದಿಲಿಂಗಪ್ಪನೂ ನಕ್ಕು, ಮಷಿನ್ನಿನ ಬೆನ್ನು ಸವರಿದ.

ಹೊಸ ಮಷಿನ್ನು ಬಂದಾಗಲೆಲ್ಲ ಅದಕ್ಕೆ 'ರುಚಿ ತೋರಿಸಬೇಕು' ಎನ್ನುತ್ತಿದ್ದ. ರುಚಿ ಎಂದರೆ ಮರ. ಮನೆಯ ಮುಂದಿನ ಬೇವು ಹೋಯಿತು. ಹಳ್ಳದ ದಂಡೆಯ ಕರಿಜಾಲಿ ಹೋದವು. ಎರೆಸೀಮೆಯಲ್ಲಿ ಮರ ಎಷ್ಟಿರುತ್ತವೆ? ದೂರದಿಂದ ನೋಡಿದರೆ ಊರು ತಲೆ ಬೋಳಿಸಿಕೊಂಡಂತೆ ಕಾಣತೊಡಗಿತು. ಹಿತ್ತಲಲ್ಲಿ ಕಟ್ಟಿಗೆಯ ಒಟ್ಟಿಲು ಮಾಳಿಗೆಯ ಮಟ್ಟಕ್ಕೆ ಏರಿತು. ಮಗಳನ್ನು ಕುಷ್ಟಗಿಗೆ ಕೊಟ್ಟ ಮೇಲೆ ಮನೆಯಲ್ಲಿ ಇದ್ದವರು ಇಬ್ಬರೇ. ಎರಡು ಹೊಟ್ಟೆ, ಒಂದು ಒಲೆ. ಒಟ್ಟಿಲಿನೊಳಗೆ ಹಾವು ಸೇರಿಕೊಂಡವು. ಮಜ್ಜಿಗೆ ಕೇಳಲು ಬಂದ ಮುದುಕಿ ಯಮನೂರಮ್ಮ ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

"ನಮ್ಮಾಗ ಹೆಣಾ ಹುಗೀತಾರ, ಸುಡಾಂಗಿಲ್ಲ. ಇಷ್ಟ ಕಟಗಿ ಯಾರಿಗೆ ಕೂಡಿಡಾಕತ್ತಾನ ಹಂಪವ್ವ, ನಿನ್ನ ಗಂಡ?"

ಅವತ್ತಿನಿಂದ ಹಂಪವ್ವನಿಗೆ ಒಟ್ಟಿಲಿನ ಕಡೆ ಮುಖ ಮಾಡಿ ಮಲಗಲಾಗಲಿಲ್ಲ.

ಇನ್ನೊಂದು ಮಾತು ಅವಳ ಕಿವಿಯಲ್ಲಿ ಕೂತಿತ್ತು. ಒಮ್ಮೆ ಮದಾರಸಾಬ ಚಹಾ ಕುಡಿಯುತ್ತ, ಅರದಿಂದ ಸರಪಳಿಯ ಹಲ್ಲು ಮಸೆಯುತ್ತ ಹೇಳಿದ್ದ: "ಅಳ್ಯಾ, ಇದು ಕಟಗಿ ತಿನ್ನೋ ಪ್ರಾಣಿ. ಬಾಯಾಗ ಕಬ್ಬಿಣ ಸಿಗಬಾರದು. ಒಂದು ಮೊಳಿ ಸಿಕ್ಕರೂ ಹಿಡಿದವನ ಕಡೇನ ತಿರಗತೈತಿ."

ಗಾದಿಲಿಂಗಪ್ಪ "ಹೌದೌದು" ಎಂದ. ಹಂಪವ್ವ ಹೊಲದ ಕಡೆ ತಿರುಗಿ ನೋಡಿದಳು. ಅವಳ ಕಣ್ಣಿಗೆ ಬಂದದ್ದು ಹುಣಸೆ.

ಆ ಹುಣಸೆ ಗಾದಿಲಿಂಗಪ್ಪನ ಹೊಲದ ಬದುವಿನ ಮೇಲೆ, ಕುಕನೂರಿನ ಬಂಡಿದಾರಿಗೆ ತಾಗಿ ನಿಂತಿತ್ತು. ಮರ ಅವನದು, ಮರಕ್ಕೆ ಬಡಿದ ಮೊಳೆ ಊರಿನವು. ಗಾಳಿ ಹೊಕ್ಕವರನ್ನು ಅಮಾವಾಸ್ಯೆಗೆ ಅಲ್ಲಿಗೆ ಕರೆತಂದು, ಬೆನ್ನು ಹಚ್ಚಿ ನಿಲ್ಲಿಸಿ, ತಲೆಯ ಒಂದು ಎಳೆ ಕೂದಲನ್ನು ಮೊಳೆಗೆ ಸುತ್ತಿ ಬೊಡ್ಡೆಗೆ ಬಡಿಯುತ್ತಿದ್ದರು. ಆಮೇಲೆ ಕೂದಲು ಕತ್ತರಿಸಿ ಬಿಡುತ್ತಿದ್ದರು. ಮನುಷ್ಯ ಮನೆಗೆ, ಗಾಳಿ ಮರಕ್ಕೆ.

ಹಂಪವ್ವನೂ ಅಲ್ಲಿ ನಿಂತವಳೇ. ಇರಕಲ್ಲಗಡದ ಗುಡ್ಡದ ಸೀಮೆಯಿಂದ ಈ ಬಯಲಿಗೆ ಮದುವೆಯಾಗಿ ಬಂದ ಹೊಸತರಲ್ಲಿ ತವರು ನೆನೆದು ಮಾತು ಬಿಟ್ಟಿದ್ದಳು. ಅತ್ತೆ ಗಾಳಿ ಎಂದಳು. ಗಾಳಿ ಬಿಡಿಸುವ ಮುದುಕಪ್ಪ ಬೇವಿನ ತೊಪ್ಪಲಿನಿಂದ ಬಡಿಯುತ್ತ "ಯಾರು ನೀನು? ಹೇಳು, ಯಾರು?" ಎಂದು ಕೇಳಿದ. ಅವಳು "ನಾನು ಹಂಪವ್ವ" ಎಂದಷ್ಟೂ ಬಡಿದ. ಕೊನೆಗೆ ಸುಮ್ಮನಾದಳು, ಮೊಳೆ ಬಡಿದರು. ಮುದುಕಪ್ಪ ಸತ್ತು ಎಷ್ಟೋ ಕಾಲವಾಯಿತು. ಅವಳು ಮಾತ್ರ ಹೊಲಕ್ಕೆ ಬುತ್ತಿ ಒಯ್ಯುವಾಗಲೆಲ್ಲ ಆ ಮೊಳೆ ನೋಡುತ್ತಿದ್ದಳು. ಮೊದಲು ಅದರ ತಲೆ ಹೊಳೆಯುತ್ತಿತ್ತು. ಆಮೇಲೆ ತೊಗಟೆ ಅದರ ಸುತ್ತ ತುಟಿ ಕೂಡಿಸತೊಡಗಿತು. ಆಮೇಲೆ ಹೊಕ್ಕುಳಿನಂಥ ಒಂದು ಕುಳಿ. ಆಮೇಲೆ ಏನೂ ಇಲ್ಲ. ಮರ ಅದನ್ನು ನುಂಗಿತ್ತು.

ಎಂಬತ್ತೈದರಲ್ಲಿ ಗಾದಿಲಿಂಗಪ್ಪ ಹುಬ್ಬಳ್ಳಿಗೆ ಹೋಗಿ ಪ್ಯಾಸೆಂಜರ್ ಗಾಡಿಯಲ್ಲಿ ನಾಲ್ಕನೆಯದನ್ನು ತಂದ. ಕಂಬಳಿಯಲ್ಲಿ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ತಂದನಂತೆ. ಅದರ ನಾಲಿಗೆ ಒಂದು ತೋಳು ಉದ್ದ. ಆ ನಾಲಿಗೆಗೆ ತಕ್ಕ ಮರ ಸುತ್ತ ಎಲ್ಲಿಯೂ ಉಳಿದಿರಲಿಲ್ಲ, ಹುಣಸೆ ಒಂದನ್ನು ಬಿಟ್ಟು.

ಹುಣಸೆ ಕೊಯ್ಯುತ್ತಾನೆ ಎಂಬ ಸುದ್ದಿ ಹಬ್ಬಿದ ಕೂಡಲೇ ಮಾರೆಪ್ಪ ಓಡಿ ಬಂದ. ಈಗ ಅವನ ಮುಖದಲ್ಲಿ ನಗೆ ಇರಲಿಲ್ಲ. "ಗಾದೆಣ್ಣಾ, ಕೈ ಮುಗೀತೀನಿ. ಅದರಾಗ ಹಿಡದಿಟ್ಟ ಗಾಳಿ ಎಲ್ಲಾ ಹೊರಗ ಬಿಟ್ಟರ ಊರಾಗ ಯಾರು ಬಾಳೇವು ಮಾಡಬೇಕು?"

"ಗಾಳೀನ ಇಲ್ಲಲೇ ಹುಚ್ಚ," ಎಂದು ಗಾದಿಲಿಂಗಪ್ಪ ಇಕ್ಕಳ ಹಿಡಿದು ಹೋದ. ಕಣ್ಣಿಗೆ ಕಂಡ ಮೊಳೆಯನ್ನೆಲ್ಲ ಒಂದೊಂದಾಗಿ ಕಿತ್ತ. ಒಂದು ಡಬ್ಬಿ ತುಂಬಿತು. ಕೆಲವಕ್ಕೆ ಕೂದಲು ಇನ್ನೂ ಸುತ್ತಿಕೊಂಡಿತ್ತು. ಡಬ್ಬಿ ಅಲ್ಲಾಡಿಸುತ್ತ ಊರ ನಡುವೆಯೇ ಬಂದ. "ನೋಡ್ರಪಾ, ಒಂದರ ಗಾಳಿ ಬೀಸ್ತೇನು?"

ಆ ಸಂಜೆ ಹಂಪವ್ವ ಅವನ ಮುಂದೆ ತಾಟು ಇಟ್ಟು, ಎದುರಿಗೇ ಕೂತಳು. "ನೀವು ಕಿತ್ತಿದ್ದು ಹೊರಗಿನವು. ಒಳಗಿನವು ಅದಾವು. ನನ್ನದ ಐತಿ."

"ನಿನ್ನ ಗಾಳಿ ತಿರುಗಿ ಬಂದೀತಂತ ಅಂಜಿಕಿ ಏನು?"

"ಗಾಳಿಗೆ ಅಂಜಂಗಿಲ್ಲ ನಾನು. ಅವತ್ತೂ ನನಗ ಗಾಳಿ ಇರಲಿಲ್ಲ. ಮೊಳಿಗೆ ಅಂಜಾಕತ್ತೀನಿ. ಮದಾರಣ್ಣ ಏನಂದಿದ್ದ, ಮರತ್ರೇನು?"

"ಊರವರು ಒಂದು ನಮೂನಿ ಅಂಜಸ್ತಾರ, ನೀನು ಒಂದು ನಮೂನಿ," ಎಂದು ಅವನು ರೊಟ್ಟಿ ಮುರಿದ.

ಮರುದಿನ ಅವನು ಮಷಿನ್ನು ಹೆಗಲಿಗೇರಿಸಿಕೊಂಡು ಹೊಲಕ್ಕೆ ಬರುವಷ್ಟರಲ್ಲಿ ಹಂಪವ್ವ ಅಲ್ಲಿದ್ದಳು. ಹುಣಸೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮದುವೆಯಾದಾಗ ಗಿಡ್ಡ ಹುಡುಗಿ, ಆಮೇಲೆ ಬೆಳೆದಿದ್ದಳು. ಅದಕ್ಕೇ ಮೊಣಕಾಲು ತುಸು ಬಗ್ಗಿಸಿ, ಅವತ್ತಿನ ಎತ್ತರಕ್ಕೆ ತಲೆ ತಂದು, ಬೊಡ್ಡೆಗೆ ಒತ್ತಿ ಹಿಡಿದಿದ್ದಳು.

"ಇಲ್ಲೈತಿ ನೋಡ್ರಿ. ನನ್ನ ತಲಿ ಹಿಂದ."

ಗಾದಿಲಿಂಗಪ್ಪ ಮಷಿನ್ನನ್ನು ಹೆಗಲಿನಿಂದ ಇಳಿಸಿದ. ದೂರದಲ್ಲಿ ಊರಿನವರು ಗುಂಪಾಗಿದ್ದರು. ಯಾರೂ ಹತ್ತಿರ ಬರಲಿಲ್ಲ. ಕೊನೆಗೆ ಅವನು ಮೆತ್ತಗೆ ಹೇಳಿದ: "ಆತು ಬಿಡು. ನಿನ್ನ ಮೊಳಿ ತಂಟೇಕ ಹೋಗಂಗಿಲ್ಲ. ಎರಡ ಗೇಣು ಕೆಳಗ ಹಚ್ಚತೀನಿ. ಸರಿ."

ಅವಳಿಗೆ ಒಂದು ಗಳಿಗೆ ಗೆದ್ದೆ ಅನ್ನಿಸಿತು. ಸರಿದು ನಿಂತಳು. ಅವನು ಹಗ್ಗ ಜಗ್ಗಿದ. ಆಗ ಹೊಳೆಯಿತು: ನಿಲ್ಲಲು ತ್ರಾಣವಿಲ್ಲದವರನ್ನು ಕೂಡಿಸಿ ಮೊಳೆ ಬಡಿಯುತ್ತಿದ್ದರಲ್ಲ!

"ಕುಂತವರ ಮೊಳಿ ಎಲ್ಲಿರ್ತಾವ್ರೀ?" ಎಂದು ಕೂಗಿದಳು. ಮಷಿನ್ನಿನ ಬೊಗಳಿಕೆಯಲ್ಲಿ ಆ ಕೂಗು ಅವಳಿಗೇ ಕೇಳಿಸಲಿಲ್ಲ.

ಕೆಂಪು ಹೊಟ್ಟು ಚಿಮ್ಮಿತು. ನಾಲಿಗೆ ಬೊಡ್ಡೆಯ ಅರ್ಧದವರೆಗೆ ಸುಮ್ಮನೆ ಇಳಿಯಿತು. ಆಮೇಲೆ ದನಿ ಬದಲಾಯಿತು. ಕೀರಲು, ಕಿಡಿ, ನೊಗ ಕಿತ್ತೆಸೆಯುವ ಹೋರಿಯಂತೆ ಮಷಿನ್ನು ಮೇಲೆದ್ದು ತಿರುಗಿತು. ಸರಪಳಿ ಹರಿದು ಅವನ ಎಡಗೈಯ ಎರಡು ಬೆರಳು ಒಯ್ದು, ಹೆಗಲಲ್ಲಿ ಕೂತಿತು.

ಕೊಪ್ಪಳದ ದವಾಖಾನೆಯಿಂದ ಅವನು ಮನೆಗೆ ಬರುವ ಹೊತ್ತಿಗೆ ಜೋಳ ಮೊಳಕೆಯೊಡೆದಿತ್ತು. ಎಡಗೈ ಮೇಲೇಳುತ್ತಿರಲಿಲ್ಲ. ಹುಣಸೆಯ ಸೀಳಿನೊಳಗಿಂದ ತೆಗೆದ ಮೊಳೆಯನ್ನು ಮದಾರಸಾಬ ತಂದು ಹಂಪವ್ವನ ಕೈಗಿತ್ತು ಕಣ್ಣೊರೆಸಿಕೊಂಡ. ಯಾರದೋ ಮೊಳೆ, ಸೊಟ್ಟಗಾಗಿತ್ತು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇನ್ನು ಮುಗಿಯಿತಲ್ಲ, ಜೀವ ಉಳಿಯಿತಲ್ಲ ಎಂದುಕೊಂಡಳು.

ಅಷ್ಟರಲ್ಲಿ ಹೊರಸಿನ ಮೇಲಿನಿಂದ ಗಂಡನ ದನಿ ಬಂತು. "ಮಾಮಾ, ಹರದದ್ದು ಚೈನ್ ಅಷ್ಟ. ಇಂಜಿನ್ ಛಲೋ ಐತಿ. ಒಂದ ಕೈಲೆ ಹಿಡಿಯೋ ಸಣ್ಣದು ಎಲ್ಲೆರ ಸಿಗತೈತೇನು?"

ಮದಾರಸಾಬ ಅವಳ ಮುಖ ನೋಡಿ ಎದ್ದು ಹೋದ. ಅವನು ತರದಿದ್ದರೇನು, ಗುಜರಿಗಳಿಗೆ ಬರವೇ? ಕೈಯ ಪಟ್ಟಿ ಬಿಚ್ಚುವ ಮೊದಲೇ ಗಾದಿಲಿಂಗಪ್ಪ ಇನ್ನೊಬ್ಬರ ಕೈಲಿ ಹೇಳಿಸಿ ಐದನೆಯದನ್ನು ತರಿಸಿದ. ಬೆಕ್ಕಿನಷ್ಟು ಚಿಕ್ಕದು.

ಆಷಾಢದ ಗಾಳಿ ಎದ್ದಿತ್ತು. ಅರ್ಧ ಕೊಯ್ದ ಹುಣಸೆ ಬಂಡಿದಾರಿಯ ಕಡೆ ವಾಲಿ ನಿಂತು, ಗಾಳಿ ಬೀಸಿದಾಗಲೆಲ್ಲ ನರಳುತ್ತಿತ್ತು. ಆ ಸದ್ದು ಮನೆಯವರೆಗೆ ಬರುತ್ತಿತ್ತು. ಅದನ್ನು ಕೇಳಿ ಗಾದಿಲಿಂಗಪ್ಪ ನಗುತ್ತಿದ್ದ.

"ಅರ್ಧ ಉಳದೈತಿ. ಕರಿಯಾಕತ್ತೈತಿ ನೋಡು."

ಆ ನಗೆಯನ್ನು ಹಂಪವ್ವ ಬಲ್ಲಳು. ಗಾಳಿ ಹೊಕ್ಕು ಮರದ ಹತ್ತಿರ ಬಂದವರ ಮುಖದಲ್ಲಿ ನೋಡಿದ್ದಳು. ಗಾಳಿ ಎಂಬುದು ಇಲ್ಲವೆಂದು ಜೀವಮಾನವೆಲ್ಲ ನಂಬಿದ್ದವಳಿಗೆ ಅವತ್ತು ಮೊದಲ ಸಲ ಇದ್ದರೂ ಇರಬಹುದು ಅನ್ನಿಸಿತು.

ಮರುದಿನ ಅವನ ತಲೆಗೆ ಎಣ್ಣೆ ಹಚ್ಚಿ ಎರೆಯುವಾಗ ಹಿಂದಿನಿಂದ ಒಂದು ಗೊಂಚಲು ಕೂದಲು ಕತ್ತರಿಸಿಕೊಂಡಳು. ಸೊಟ್ಟ ಮೊಳೆಯನ್ನು ಒರಳುಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿದಳು. ಊರೆಲ್ಲ ಉಣ್ಣುವ ಮಧ್ಯಾಹ್ನದ ಹೊತ್ತಿಗೆ ಹುಣಸೆಗೆ ಹೋಗಿ, ಕೊಡಲಿಯ ಹಿಂಬದಿಯಿಂದ ಬಡಿದಳು. ಇನ್ನೊಂದು ಕಬ್ಬಿಣ ಇಟ್ಟು ಬಡಿದು, ತಲೆ ಕಾಣದಷ್ಟು ಒಳಗೆ ಇಳಿಸಿದಳು. ಮೇಲೆ ಎರೆಮಣ್ಣು ಒರೆಸಿದಳು. ಮಂತ್ರ ಅವಳಿಗೆ ಬರುತ್ತಿರಲಿಲ್ಲ. "ಇಲ್ಲೇ ಇರ್ರಿ" ಎಂದಳು, ಅಷ್ಟೇ.

ಸಂಜೆ ರೊಟ್ಟಿ ಬಡಿಸುತ್ತ ಹೇಳಿಯೂಬಿಟ್ಟಳು. "ಹುಣಸಿಗೆ ಒಂದು ಮೊಳಿ ಬಡದೀನಿ. ನಿಮ್ಮ ಕೂದಲಾ ಸುತ್ತಿ."

"ಎಲ್ಲಿ?"

"ಹೇಳಂಗಿಲ್ಲ."

"ಮ್ಯಾಲೋ, ಕೆಳಗೋ?"

"ಹೇಳಂಗಿಲ್ಲ."

ಗಾದಿಲಿಂಗಪ್ಪ ಜೋರಾಗಿ ನಕ್ಕ. ಆ ನಗೆ ನಡುವೆಯೇ ನಿಂತಿತು. ಬೆರಳಿಲ್ಲದ ಕೈಯನ್ನು ಒಮ್ಮೆ ನೋಡಿಕೊಂಡ.

ಬೆಳಗಾದ ಮೇಲೆ ಆ ಚಿಕ್ಕ ಮಷಿನ್ನು ಹಿಡಿದು ಹೋದ. ಹಗ್ಗ ಜಗ್ಗಲಿಲ್ಲ. ಮಷಿನ್ನನ್ನು ನೆಲಕ್ಕಿಟ್ಟು, ಬಲಗೈ ಹೆಬ್ಬೆರಳಿನಿಂದ ಬೊಡ್ಡೆಯನ್ನು ಒತ್ತಿ ಒತ್ತಿ ನೋಡತೊಡಗಿದ. ಮರುದಿನವೂ ಹೋದ. ಕೆಲ ದಿನಗಳ ಮೇಲೆ ಮಷಿನ್ನು ಒಯ್ಯುವುದನ್ನೂ ಬಿಟ್ಟ. ಗ್ವಾದಲಿಯಲ್ಲಿ ಇಲಿಗಳು ಹಗ್ಗ ಕಡಿದವು. ಅವನು ಮಾತ್ರ ದಿನಾ ಹೋಗುತ್ತಿದ್ದ. ದಾರಿಹೋಕರು ಗಾಳಿ ಹೊಕ್ಕವನನ್ನು ಯಾರೋ ತಂದು ಕೂಡಿಸಿದ್ದಾರೆ ಎಂದುಕೊಂಡು ದೂರದಿಂದಲೇ ಬಂಡಿ ಹೊಡೆದುಕೊಂಡು ಹೋಗುತ್ತಿದ್ದರು.

ಹಂಪವ್ವ ಬುತ್ತಿ ಒಯ್ಯುತ್ತಿದ್ದಳು. "ಸಿಕ್ಕತೇನ್ರಿ?"

"ಇಲ್ಲ."

ಅವಳು ಮಜ್ಜಿಗೆ ಸುರಿಯುತ್ತಿದ್ದಳು. ಅವನ ಜೀವ ಉಳಿಸಿಕೊಂಡಿದ್ದಳು, ನಿಜ. ಆದರೆ ಅವನು ಕೂತು ತಡಕಾಡುವುದು ಬಂಡಿದಾರಿಯ ಬದಿಗೆ, ಮರ ವಾಲಿದ್ದೂ ಅದೇ ಬದಿಗೆ. ಗಾಳಿ ಎದ್ದಾಗಲೆಲ್ಲ ಸೀಳು ಬಾಯಿ ತೆರೆದು ಮುಚ್ಚುತ್ತಿತ್ತು. ಅವಳು ಬುತ್ತಿ ಬಿಟ್ಟು ಎದ್ದು ನಿಲ್ಲುತ್ತಿದ್ದಳು.

"ಈ ಕಡೆ ಬರ್ರಿ," ಎನ್ನುತ್ತಿದ್ದಳು. "ಈ ಕಡೆ ಬರ್ರಿ."

"ತಡಿ," ಎನ್ನುತ್ತಿದ್ದ ಗಾದಿಲಿಂಗಪ್ಪ, ತೊಗಟೆಯ ಮೇಲಿಂದ ಹೆಬ್ಬೆರಳು ತೆಗೆಯದೆ. "ಇಲ್ಲೇ ಎಲ್ಲೋ ಐತಿ."